ಗುಂಡನ ಜೊತೆ ವೀರಗಲ್ಲುಗಳ ಹಿಂದೆ ನಾಲ್ಕು ದಿನ

ಬೆಳಗ್ಗೆ ಆರೂವರೆಗೆ ನಮ್ಮ ನಾಯಿ ಗುಂಡನ ಕೊರಳಿಗೆ ಬೆಲ್ಟ್ ಹಾಕಿ ಹೊರಟರೆ ನಮ್ಮ ದಾರಿ ಒಂದೇ. ಮೊದಲು ಹಾಲಿನ ಬೂತ್, ಆಮೇಲೆ ಅರಳಿಕಟ್ಟೆ, ಅಲ್ಲಿಂದ ಬೆಂಗಳೂರಿನ ನಮ್ಮ ಬೇಗೂರು ಕೆರೆ. ಮೂರು ವರ್ಷದಿಂದ ಹೀಗೇ ನಡೆದಿದೆ. ಕಟ್ಟೆಯ ಪಕ್ಕ ಮಣ್ಣಲ್ಲಿ ಅರ್ಧ ಹೂತ ಕಲ್ಲೊಂದಿದೆ. ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ, ಮೇಲೆ ಕುಂಕುಮ. ಯಾವುದೋ ದೇವರ ಕಲ್ಲು ಇರಬೇಕು ಅಂದುಕೊಂಡು ಸುಮ್ನೆ ದಾಟಿ ಹೋಗುತ್ತಿದ್ದೆ.

ಡಿಸೆಂಬರ್ ಕೊನೆಯ ವಾರ ಆಫೀಸಿನ ರಜೆ ಉಳಿದಿತ್ತು. ಮಡಿಕೇರಿ ಕಡೆ ಹೋಗೋಣ ಅಂತಿದ್ದೆವು. ನಾಯಿಯನ್ನು ಸೇರಿಸಿಕೊಳ್ಳುವ ಜಾಗ ಸಿಗಲಿಲ್ಲ, ಗುಂಡನನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಹಾಗಾಗಿ ಮನೆಯಲ್ಲೇ ಉಳಿದೆವು. ಆ ನಾಲ್ಕು ದಿನ ಎಲ್ಲೆಲ್ಲಿಗೆ ಕರೆದುಕೊಂಡು ಹೋಯಿತು ಅನ್ನುವುದೇ ಈ ಬರಹ.

ಮೊದಲ ದಿನ: ಬೇಗೂರು

ಆವತ್ತು ಮಂಜು ಜಾಸ್ತಿ ಇತ್ತು. ಗುಂಡ ಆ ಕಲ್ಲನ್ನು ಮೂಸಿ ನೋಡಿ ಕಾಲೆತ್ತಿಯೇ ಬಿಟ್ಟ.

"ಏಯ್, ಹಿಡ್ಕಳಮ್ಮ ನಾಯೀನ! ವೀರಪ್ಪನ ಕಲ್ಲು ಅದು!"

ಕಟ್ಟೆ ಮೇಲೆ ಹೂವು ಕಟ್ಟುತ್ತಾ ಕೂತಿದ್ದ ಅಜ್ಜಿ ಎದ್ದು ಬಂದರು. ನನಗೆ ತುಂಬಾ ನಾಚಿಕೆಯಾಯಿತು. ತಪ್ಪಾಯ್ತು ಅಜ್ಜಿ ಅಂತ ಹೇಳಿ, ಎದುರಿನ ಮನೆಯಿಂದ ಒಂದು ಬಕೆಟ್ ನೀರು ಕೇಳಿ ತಂದೆ. ಇಬ್ಬರೂ ಸೇರಿ ಕಲ್ಲು ತೊಳೆದೆವು. ಅಜ್ಜಿ ಸೆರಗಿನಿಂದ ಅದರ ಮುಖ ಒರೆಸಿದರು, ಮಗುವಿನ ಮುಖ ಒರೆಸುವ ಹಾಗೆ.

"ಊರು ಕಾಯಕ್ಕೋಗಿ ಸತ್ತೋನಂತೆ ಕಣಮ್ಮ. ನಮ್ಮತ್ತೆ ಹೇಳ್ತಿದ್ರು. ಇದಕ್ಕೆ ಎಣ್ಣೆ ಹಾಕ್ದೆ ಅವ್ರು ಒಂದು ಲೋಟ ಕಾಫಿನೂ ಕುಡೀತಿರ್ಲಿಲ್ಲ. ನಾನೂ ಅಷ್ಟೇ."

"ಹೆಸರೇನಂತೆ ಅಜ್ಜಿ?"

"ಯಾರಿಗ್ಗೊತ್ತು ತಾಯಿ. ವೀರಪ್ಪ ಅಂತೀವಿ."

ಬೆಳಕು ಇನ್ನೂ ಸರಿಯಾಗಿ ಬಂದಿರಲಿಲ್ಲ. ಮೊಬೈಲ್ ಟಾರ್ಚ್ ಹಾಕಿದೆ. ನೇರವಾಗಿ ಹಿಡಿದರೆ ಏನೂ ಕಾಣಲಿಲ್ಲ. ಕಲ್ಲಿನ ಪಕ್ಕಕ್ಕೆ ತಂದು ಅಡ್ಡಡ್ಡ ಬೆಳಕು ಬಿಟ್ಟಾಗ ನೆರಳುಗಳು ಎದ್ದವು. ಮೊದಲು ಒಂದು ಮೊಣಕಾಲು ಕಂಡಿತು, ಆಮೇಲೆ ಎತ್ತಿದ ಕೈ, ಕೈಯಲ್ಲಿ ಕತ್ತಿ. ಅದರ ಮೇಲೊಂದು ಗೆರೆ, ಗೆರೆಯ ಮೇಲೆ ಇಬ್ಬರು ಹೆಂಗಸರು, ನಡುವೆ ಅದೇ ಮನುಷ್ಯ. ತುದಿಯಲ್ಲಿ ಲಿಂಗ, ಅದರ ಮುಂದೆ ಕೈಮುಗಿದು ಕೂತವನೂ ಅವನೇ. ಇನ್ನೂ ಮೇಲೆ ಸೂರ್ಯ ಮತ್ತು ಚಂದ್ರ.

ಅದು ವೀರಗಲ್ಲು, ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸುವ ಕಲ್ಲು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಅವನು ಹೋರಾಡಿ ಸತ್ತದ್ದು. ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು. ಮೇಲೆ ಅವನು ಶಿವನ ಸನ್ನಿಧಿ ಸೇರಿದ್ದು. ಸೂರ್ಯ ಚಂದ್ರ ಇರುವ ತನಕ ಅವನ ಹೆಸರೂ ಇರಲಿ ಅಂತ ತುದಿಯಲ್ಲಿ ಅವೆರಡು. ಇದನ್ನೆಲ್ಲ ಶಾಲೆಯಲ್ಲಿ ಓದಿದ್ದೆ. ಆದರೆ ನಾನು ದಿನಾ ದಾಟುವ ಕಲ್ಲೇ ಅದು ಅಂತ ಹೊಳೆದಿರಲಿಲ್ಲ. ಈ ಕಲ್ಲಿನಲ್ಲಿ ಒಂದೇ ಒಂದು ಅಕ್ಷರವೂ ಕಾಣಲಿಲ್ಲ.

ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ತಿಂಡಿ ಮುಗಿಸಿ ಮೂವರೂ ನಾಗನಾಥೇಶ್ವರ ದೇವಸ್ಥಾನಕ್ಕೆ ನಡೆದೆವು. ಐದು ಶಿವಲಿಂಗಗಳಿರುವುದರಿಂದ ಪಂಚಲಿಂಗೇಶ್ವರ ಅಂತಲೂ ಕರೆಯುತ್ತಾರೆ. ಗುಂಡನನ್ನು ಒಳಗೆ ಬಿಡುವಂತಿಲ್ಲ. ಸರದಿ ಮೇಲೆ ಒಬ್ಬರು ಹೊರಗೆ ನಿಂತು ಇನ್ನೊಬ್ಬರು ಒಳಗೆ ಹೋದೆವು.

ಇಲ್ಲಿನ ಒಂದು ಶಾಸನ ಸುಮಾರು ಕ್ರಿ.ಶ. 890ರದ್ದು. ಬೆಂಗಳೂರು ಕಾಳಗದಲ್ಲಿ ಇಲ್ಲಿನ ನಾಯಕ ನಾಗತ್ತರನ ಮಗ ಬುಟ್ಟಣಪತಿಯೂ, ಅವನ ಮನೆಯ ಸೇವಕ ಪೆರ್ವೊಣ ಸೆಟ್ಟಿಯೂ ಸತ್ತರು ಅಂತ ಅದು ಹೇಳುತ್ತದೆ. ಅಷ್ಟೇ, ಕೆಲವೇ ಸಾಲು. ಶಾಸನತಜ್ಞ ಆರ್. ನರಸಿಂಹಾಚಾರ್ಯರು 1915ರಲ್ಲಿ ಇದನ್ನು ಬೆಳಕಿಗೆ ತಂದರು. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು ಅನ್ನುವ ಕಥೆ ನಮಗೆಲ್ಲ ಗೊತ್ತು, ಅಲ್ವಾ? ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅದಕ್ಕೆ ಸುಮಾರು ಮುನ್ನೂರು ವರ್ಷ ಮುಂಚೆಯೇ ಊರಿಗೆ ಈ ಹೆಸರು ಇತ್ತು. ಅದು ನಮಗೆ ಗೊತ್ತಾದದ್ದು ಒಂದು ಸಾವಿನ ಸುದ್ದಿಯಿಂದ. ಮಗನೊಬ್ಬ ಸತ್ತ, ಜೊತೆಗೆ ಮನೆಯ ಆಳೂ ಸತ್ತ, ಇಬ್ಬರ ಹೆಸರನ್ನೂ ಕಲ್ಲಲ್ಲಿ ಕೆತ್ತಿಸಿದರು. ಆಳಿನ ಹೆಸರನ್ನೂ ಬರೆಸಿದ್ದಾರಲ್ಲ ಅನ್ನುವುದು ನನ್ನ ಮನಸ್ಸಲ್ಲಿ ತುಂಬಾ ಹೊತ್ತು ಉಳಿಯಿತು. ನಾಗತ್ತರನ ಮಗಳು ತೊಂಡಬ್ಬೆಯ ಸಾವನ್ನು ಹೇಳುವ ಶಾಸನವೂ ಬೇಗೂರಿನದೇ.

ಹೊರಗೆ ಬಂದರೆ ಗುಂಡನ ಸುತ್ತ ನಾಲ್ಕು ಮಕ್ಕಳು. ಯಾರೋ ಪ್ರಸಾದದ ಪೊಂಗಲ್ ಹಾಕಿದ್ದರು. ಮಧ್ಯಾಹ್ನ ಮನೆಯಲ್ಲಿ ಅವರೆಕಾಳು ಸಾರು, ಮುದ್ದೆ. ಸೊಗಡಿನ ಕಾಲ ಅದು, ಬಿಟ್ಟರೆ ಸಿಗಲ್ಲ.

ಎರಡನೇ ದಿನ: ಹೆಬ್ಬಾಳ

ಬೇಗೂರಿನಿಂದ ಹೆಬ್ಬಾಳ ಅಂದರೆ ಊರಿನ ಈ ತುದಿಯಿಂದ ಆ ತುದಿ. ಹೊರಡುವ ಮುಂಚೆ ಗುಂಡನಿಗೆ ಹೊಟ್ಟೆ ತುಂಬಾ ಮೊಸರನ್ನ ಹಾಕಿದ್ದೆ. ಅರ್ಧ ದಾರಿಯಲ್ಲಿ ಸೀಟಿನ ಮೇಲೆಲ್ಲ ವಾಂತಿ. ಪಾಪ, ಅವನು ತಪ್ಪು ಮಾಡಿದವನ ಹಾಗೆ ಮುಖ ತಗ್ಗಿಸಿ ಕೂತಿದ್ದ. ಕಾರಿನಲ್ಲಿ ಕರೆದೊಯ್ಯುವುದಾದರೆ ಎರಡು ಮೂರು ಗಂಟೆ ಮುಂಚೆಯೇ ಸ್ವಲ್ಪ ತಿನ್ನಿಸಿ ಮುಗಿಸಿಬಿಡಬೇಕು, ಹಳೇ ಬೆಡ್‌ಶೀಟ್ ಒಂದು ಹಾಸಿರಬೇಕು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಎಲ್ಲ ಒರೆಸಿ ಹೊರಡುವ ಹೊತ್ತಿಗೆ ಹತ್ತು ಗಂಟೆ.

ಹೆಬ್ಬಾಳ ಅಂದರೆ ನನಗೆ ಫ್ಲೈಓವರ್, ವಿಮಾನ ತಪ್ಪಿಹೋಗುವ ಗಾಬರಿ, ಅಷ್ಟೇ. ಆದರೆ ಮೇಲ್ಸೇತುವೆಯ ಕೆಳಗೆ, ಪಕ್ಕದಲ್ಲಿ, ಒಂದು ಹಳೇ ಊರಿದೆ. ಕಾರನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು ನಡೆದೆವು. ಒಳಗಿನ ಬೀದಿಗಳು ಅಷ್ಟು ಕಿರಿದು. ಮನೆಗಳ ಮುಂದೆ ರಂಗೋಲಿ, ಒಂದು ಹಸು, ಅದನ್ನು ಕಂಡು ಬಾಲ ಮಡಚಿದ ಗುಂಡ.

2018ರಲ್ಲಿ ಇಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಶಾಸನದ ಹುಚ್ಚಿರುವ ಕೆಲವರು ಅದನ್ನು ಗುರುತಿಸಿ ಉಳಿಸಿದರು. ಓದಿ ನೋಡಿದರೆ ಸುಮಾರು ಕ್ರಿ.ಶ. 750ರ ಕನ್ನಡ. ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದ ಕಾಲ. ರಟ್ಟವಾಡಿಯವರು, ಅಂದರೆ ರಾಷ್ಟ್ರಕೂಟರ ಕಡೆಯವರು, ಏರಿ ಬಂದಾಗ ಊರು ಹಾಳಾಗುವ ಹೊತ್ತಿನಲ್ಲಿ ಕಿತ್ತಯ್ಯ ಅನ್ನುವವನು ಹೋರಾಡಿ ಇಂದ್ರಲೋಕಕ್ಕೆ ಹೋದ ಅಂತ ಅದರಲ್ಲಿದೆ. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು ಅನ್ನುತ್ತಾರೆ. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು. ಪೆರ್ ಅಂದರೆ ಹಿರಿದು, ಪೊಳಲ್ ಅಂದರೆ ಪಟ್ಟಣ. ಪಕಾರ ಹಕಾರವಾಗಿ, ಬಾಯಿಂದ ಬಾಯಿಗೆ ಸವೆದು ಹೆಬ್ಬಾಳ ಆಯಿತು. ಕೆಂಪೇಗೌಡರು ಬೆಂಗಳೂರು ಪೇಟೆ ಕಟ್ಟಿದ್ದು 1537ರಲ್ಲಿ. ಕಿತ್ತಯ್ಯ ಸತ್ತದ್ದು ಅದಕ್ಕೂ ಸುಮಾರು ಎಂಟುನೂರು ವರ್ಷ ಹಿಂದೆ.

ಈಗ ಅದಕ್ಕೊಂದು ಕಲ್ಲಿನ ಮಂಟಪ ಇದೆ. ಅಕ್ಷರಗಳನ್ನು ನೋಡುತ್ತಾ ನಿಂತಿದ್ದಾಗ ಸೈಕಲ್ ಮೇಲೆ ಸೊಪ್ಪು ಮಾರುವವರೊಬ್ಬರು ನಿಂತರು. "ಓದಕ್ಕೆ ಬರುತ್ತಾ ಮೇಡಂ?" ಅಂದರು. ಬರಲ್ಲ ಅಂದೆ. "ನಂಗೂ ಬರಲ್ಲ. ಆದ್ರೂ ದಿನಾ ಒಂದ್ಸಲ ನೋಡ್ಕೊಂಡ್ ಹೋಗ್ತೀನಿ" ಅಂದರು. ಎರಡು ಕಟ್ಟು ದಂಟಿನ ಸೊಪ್ಪು ತೆಗೆದುಕೊಂಡೆ.

ಇನ್ನೊಂದು ಮಾತು ಹೇಳಲೇಬೇಕು. ಇಂಥ ಕಲ್ಲು ಕಂಡರೆ ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತಿಕ್ಕುವುದು, ಬಣ್ಣ ಬಳಿಯುವುದು ಮಾಡಬಾರದು. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಹೋಗಿ, ಇಲ್ಲ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಸಾಕು. ಇತಿಹಾಸದ ಕೆಲಸ ಮಾಡುವ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಕಣ್ಣಿಗೆ ಕಾಣದ ಅಕ್ಷರಗಳೂ ಅದರಲ್ಲಿ ಎದ್ದು ಬರುತ್ತವೆ. ರಸ್ತೆ ಅಗಲವಾಗುವ, ಚರಂಡಿ ತೋಡುವ ಈ ಊರಿನಲ್ಲಿ ಅದು ಎಷ್ಟು ದೊಡ್ಡ ಕೆಲಸ ಅಂತ ಆ ಮಂಟಪದ ಮುಂದೆ ನಿಂತಾಗ ನನಗೆ ಅರ್ಥವಾಯಿತು.

ಮೂರನೇ ದಿನ: ಕಸ್ತೂರಬಾ ರಸ್ತೆ

ಗುಂಡನಿಗೆ ರಜೆ. ಅತ್ತೆಯ ಹತ್ತಿರ ಬಿಟ್ಟು ನಾವಿಬ್ಬರೇ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಕಬ್ಬನ್ ಪಾರ್ಕ್ ಪಕ್ಕದ ಕೆಂಪು ಕಟ್ಟಡ, 1877ರದ್ದು. ಚಿಕ್ಕವಳಿದ್ದಾಗ ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಸಾಲಾಗಿ ನಡೆಸಿ, ಸಾಲಾಗಿ ಹೊರಗೆ ತಂದಿದ್ದರು.

ಬೇಗೂರಿನ ದೊಡ್ಡ ವೀರಗಲ್ಲು ಇಲ್ಲೇ ಇದೆ. ನಮ್ಮೂರಿನವರು ಯಾರೋ ದೂರದ ಊರಿನಲ್ಲಿ ಸಿಕ್ಕಿದಷ್ಟು ಖುಷಿಯಾಯಿತು. ಕಲ್ಲಿನ ತುಂಬಾ ಯುದ್ಧ: ಆನೆ, ಕುದುರೆ, ಒಬ್ಬರ ಮೇಲೊಬ್ಬರು ಬಿದ್ದ ಆಳುಗಳು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಆನೆಯ ಎದುರು ಹೋರಾಡಿ ಸತ್ತ, ಆಮೇಲೆ ಗಂಗರ ಎರೆಯಪ್ಪ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು, ಅಂದರೆ ಹನ್ನೆರಡು ಹಳ್ಳಿಗಳ ಸೀಮೆಯನ್ನು, ಕೊಟ್ಟ ಅಂತ ಶಾಸನ. ಬೆಂಪೂರು ಅಂದರೆ ನಮ್ಮ ಬೇಗೂರು.

ಆದರೆ ನಾನು ಬಂದದ್ದು ಇನ್ನೊಂದು ಕಲ್ಲಿಗೆ. ಹಿಂದಿನ ರಾತ್ರಿ ಓದುತ್ತಾ ಕೂತಾಗ ಸಿಕ್ಕಿತ್ತು. ಆತಕೂರು ಶಾಸನ, ಶಕ ವರ್ಷ 872, ಅಂದರೆ ಕ್ರಿ.ಶ. 949-50. ಮೇಲುಗಡೆ ಕೆತ್ತನೆಯಲ್ಲಿ ಮನುಷ್ಯರಿಲ್ಲ. ಒಂದು ನಾಯಿ, ಒಂದು ಹಂದಿ. ಎರಡೂ ಒಂದನ್ನೊಂದು ಹಿಡಿದಿವೆ.

ಅಕ್ಷರಗಳಲ್ಲಿ ದೊಡ್ಡ ದೊಡ್ಡ ಸಂಗತಿಗಳಿವೆ. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ್ದು, ಕೃಷ್ಣನ ಭಾವಮೈದುನ ಗಂಗರ ಬೂತುಗ ರಾಜಾದಿತ್ಯನನ್ನು ಆನೆಯ ಮೇಲೇ ಇರಿದು ಕೊಂದದ್ದು, ಅದಕ್ಕೆ ಬನವಾಸಿ, ಬೆಳ್ವೊಲ, ಪುರಿಗೆರೆಯಂಥ ಸೀಮೆಗಳನ್ನು ಪಡೆದದ್ದು. ಇತಿಹಾಸದ ಪುಸ್ತಕಗಳು ಈ ಕಲ್ಲನ್ನು ನೆನೆಯುವುದು ಇದಕ್ಕಾಗಿಯೇ. ಬೂತುಗನ ಬಂಟ ಮಣಲೆರನಿಗೆ ಸಿಕ್ಕಿದ್ದು ಆತಕೂರು ಹನ್ನೆರಡು, ಬಾಳ್ಗಚ್ಚು ಆಗಿ. ಬಾಳ್ ಅಂದರೆ ಕತ್ತಿ, ಕಚ್ಚು ಅಂದರೆ ತೊಳೆಯುವುದು. ಯುದ್ಧ ಮುಗಿಸಿ ಬಂದವನ ಕತ್ತಿ ತೊಳೆದು ಕೊಡುವ ಭೂಮಿ. ಎಂಥ ಮಾತು ನೋಡಿ.

ಕಲ್ಲು ನಿಂತದ್ದು ಮಾತ್ರ ಇವರಾರಿಗೂ ಅಲ್ಲ. ಒಡೆಯ ಮೆಚ್ಚಿ ಏನು ಬೇಕೋ ಬೇಡಿಕೊ ಅಂದಾಗ ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟ. ಮುಂದಿನದು ಶಾಸನದ ಮಾತಲ್ಲೇ ಇರಲಿ: "ಪಂದಿಯುಂ ನಾಯುಂ ಒಡಸತ್ತುವು." ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ಪದವನ್ನು ನಾನು ಮೆಲ್ಲಗೆ ಎರಡು ಮೂರು ಸಲ ಹೇಳಿಕೊಂಡೆ. ಒಡಸತ್ತುವು. ಸಾವಿರ ವರ್ಷದ ಹಿಂದಿನ ಕನ್ನಡ, ಯಾರ ಸಹಾಯವೂ ಇಲ್ಲದೆ ಅರ್ಥವಾಯಿತು. ಕಣ್ಣು ತುಂಬಿತು.

ಕೊನೆಗೆ ಹೀಗಿದೆ. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ (ಹಳೇ ಅಳತೆ) ಕಾಳು ಬಿತ್ತುವಷ್ಟು ಮಣ್ಣು ಬಿಟ್ಟರು. ಆ ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ.

ಅಜ್ಜಿಯ ಕಾಫಿ ನೆನಪಾಯಿತು. ನಾಳೆ ಆತಕೂರಿಗೆ ಹೋಗೋಣ ಅಂದೆ. ನಮ್ಮನೆಯವರು, "ಗುಂಡನನ್ನೂ ಕರ್ಕೊಂಡೇ ಹೋಗೋಣ" ಅಂದರು.

ನಾಲ್ಕನೇ ದಿನ: ಆತಗೂರು

ಆತಕೂರು ಈಗ ಆತಗೂರು. ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ಈ ಸಲ ಗುಂಡ ಖಾಲಿ ಹೊಟ್ಟೆ. ಹೊಸ ಹೆದ್ದಾರಿಯಲ್ಲಿ ಹೋದರೆ ಊರುಗಳು ಸಿಗದೆ ಸಾಗಿಬಿಡುತ್ತವೆ, ಹಾಗಾಗಿ ಹಳೇ ಮೈಸೂರು ರಸ್ತೆ ಹಿಡಿದೆವು. ಮದ್ದೂರಿನಲ್ಲಿ ಬಿಸಿ ವಡೆ. ಈರುಳ್ಳಿ ಕೆಂಪಗಾಗಿ, ಅಂಚು ಕರಕರ ಅನ್ನುತ್ತಿತ್ತು. ಅಜ್ಜಿಗೆ ಅಂತ ನಾಲ್ಕು ಕಟ್ಟಿಸಿಕೊಂಡೆ.

ಮುಂದೆ ಮೊಬೈಲ್ ತೋರಿಸಿದ ದಾರಿ ಒಂದು ಗದ್ದೆಯ ಬದುವಿನಲ್ಲಿ ಮುಗಿದುಹೋಯಿತು. ಹಿಂದೆ ತಿರುಗಿಸಲೂ ಜಾಗ ಇಲ್ಲ. ಎತ್ತಿನ ಗಾಡಿಯವರೊಬ್ಬರು ಇಳಿದು ಬಂದು, ಚಕ್ರಕ್ಕೆ ಕಲ್ಲು ಕೊಟ್ಟು, ಹಂತ ಹಂತವಾಗಿ ಕಾರು ತಿರುಗಿಸಿಕೊಟ್ಟರು. ಹಳ್ಳಿ ದಾರಿಯಲ್ಲಿ ಮೊಬೈಲಿಗಿಂತ ಅಂಗಡಿಯವರನ್ನು ಕೇಳುವುದೇ ವಾಸಿ. ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು. ಎಲ್ಲೋ ಆಲೆಮನೆಯ ಬೆಲ್ಲದ ವಾಸನೆ.

ಊರಿನಲ್ಲಿ ಜಗಲಿ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ ತಾತನನ್ನು ಚಲ್ಲೇಶ್ವರನ ಗುಡಿ ಎಲ್ಲಿ ಅಂತ ಕೇಳಿದೆ.

"ನಾಯಿ ಕಲ್ಲು ನೋಡಕ್ ಬಂದ್ರಾ? ಅದಿಲ್ಲ ಕಣವ್ವ. ಬೆಂಗ್ಳೂರ್ಗೆ ತಕ್ಕೊಂಡೋದ್ರು, ಎಷ್ಟೋ ಕಾಲ ಆಯ್ತು."

"ನೋಡ್ಕೊಂಡೇ ಬಂದ್ವಿ ತಾತ. ಅದು ಇದ್ದ ಜಾಗ ನೋಡೋಣ ಅಂತ."

ತಾತ ಗುಂಡನ ಕಡೆ ನೋಡಿದರು. "ಸರಿ ಬುಡು. ನಮ್ಮೂರ್ ನಾಯಿ ನಿಮ್ಮೂರಲ್ಲೈತೆ. ನಿಮ್ಮೂರ್ ನಾಯಿ ನಮ್ಮೂರ್ಗೆ ಬಂದೈತೆ."

ಕೋಲು ಹಿಡಿದು ತಾವೇ ಮುಂದೆ ನಡೆದರು. ಅಷ್ಟರಲ್ಲಿ ಊರಿನ ಮೂರು ನಾಯಿಗಳು ಗುಂಡನನ್ನು ಕಂಡು ಬಂದವು. ಗುಂಡ ಹಿಂದೆ ಜಗ್ಗಿದ, ಬೆಲ್ಟಿನಿಂದ ತಲೆ ಕಳಚಿತು. ಓಡಿದವನು ಸೀದಾ ಕಬ್ಬಿನ ಗದ್ದೆಗೆ ನುಗ್ಗಿದ. ಮೂರೂ ನಾಯಿ ಬೊಗಳುತ್ತಾ ಬದುವಿನ ಮೇಲೇ ನಿಂತವು, ಒಳಗೆ ಹೋಗಲಿಲ್ಲ.

"ಒಳೀಕ್ ಹೋಗ್ಬೇಡ ಕಣವ್ವ, ಕಬ್ಬಲ್ಲಿ ಹಂದಿ ಅವೆ" ಅಂದರು ತಾತ.

ನನ್ನ ಕಾಲು ನಡುಗಿತು. ಗುಂಡಾ, ಗುಂಡಾ ಅಂತ ಕೂಗಿದೆ. ಗಾಳಿಗೆ ಕಬ್ಬಿನ ಗರಿ ಸರಸರ ಅನ್ನುವುದು ಬಿಟ್ಟರೆ ಏನೂ ಕೇಳಿಸಲಿಲ್ಲ. ನಮ್ಮನೆಯವರು ಗದ್ದೆಯ ಆ ಕಡೆ ಓಡಿದರು. ನಿನ್ನೆ ಕಲ್ಲಿನ ಮೇಲೆ ನೋಡಿದ ಆ ಎರಡು ಪ್ರಾಣಿಗಳು ಕಣ್ಣ ಮುಂದೆಯೇ ಇದ್ದವು. ತಾತ ಮಾತ್ರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ "ಕುರೋ… ಕುರೋ…" ಅಂತ ಕರೆಯುತ್ತಲೇ ಇದ್ದರು. ಎಷ್ಟು ಹೊತ್ತೋ. ಕೊನೆಗೆ ಕಬ್ಬಿನ ಬುಡ ಅಲ್ಲಾಡಿತು. ಮೂಗಿನ ಮೇಲೆ ಗರಿ ಕುಯ್ದ ಗೀರು, ಮೈಗೆಲ್ಲ ರವದಿ ಅಂಟಿಸಿಕೊಂಡು ಗುಂಡ ಹೊರಗೆ ಬಂದು ಸೀದಾ ತಾತನ ಮಡಿಲಿಗೆ ಮುಖ ಇಟ್ಟ. ನಾನು ಅಲ್ಲೇ ಬದುವಿನ ಮೇಲೆ ಕೂತು ಅತ್ತೆ. ಬೇರೆ ಊರಿಗೆ ನಾಯಿ ಕರೆದೊಯ್ಯುವಾಗ ಕೊರಳ ಬೆಲ್ಟ್ ಸಾಲದು, ಎದೆಗೆ ಸುತ್ತುವ ಪಟ್ಟಿಯೇ ಬೇಕು.

ಗುಡಿಯ ಮುಂದೆ ನಿಂತು ತಾತ ಕೋಲಿನಿಂದ ನೆಲ ತೋರಿಸಿದರು. "ಇಲ್ಲೇ ಅಂತೆ." ಬರೀ ನೆಲ. ಅದರ ಮೇಲೆ ಬಿಸಿಲು. ನಾನು ಮೊಬೈಲಿನಲ್ಲಿದ್ದ ಸಾಲನ್ನು ಗಟ್ಟಿಯಾಗಿ ಓದಿದೆ. ಒಡಸತ್ತುವು ಅಂದಾಗ ತಾತ ತಲೆಯಾಡಿಸಿದರು. "ಒಟ್ಗೇ ಸತ್ವು ಅಂತ" ಅಂದರು, ನನಗೇ ಅರ್ಥ ಹೇಳುವ ಹಾಗೆ. ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಕೊಟ್ಟಿದ್ದರಂತೆ ಅಂದೆ. ಅವರು ಹಿಂದೆ ತಿರುಗಿ ಗದ್ದೆಗಳ ಕಡೆ ನೋಡುತ್ತಾ, ಮನಸ್ಸಿನಲ್ಲೇ ಅಳತೆ ಹಾಕುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಾದರು. "ಒಂದ್ ನಾಯ್ಗೆ!" ಅಂದರು.

ಅವರ ಸೊಸೆ ಊಟ ಮಾಡದೆ ಕಳಿಸಲಿಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಗುಂಡನಿಗೆ ಸಾರಿಲ್ಲದ ಮುದ್ದೆಯ ಉಂಡೆ, ಒಂದು ತಟ್ಟೆ ಮಜ್ಜಿಗೆ. ದುಡ್ಡು ಕೊಡಲು ಹೋದರೆ ಬೈಸಿಕೊಂಡೆ. ಹೊರಡುವಾಗ ಎರಡು ಅಚ್ಚು ಬೆಲ್ಲ ಕಾರಿನೊಳಗೆ ಇಟ್ಟೇ ಬಿಟ್ಟರು.

ಮಾರನೇ ದಿನ ಆರೂವರೆಗೆ ಮತ್ತೆ ಅದೇ ದಾರಿ. ಅಜ್ಜಿ ಕಲ್ಲಿಗೆ ಎಣ್ಣೆ ಹಾಕುತ್ತಿದ್ದರು. ಗುಂಡನನ್ನು ಬಿಗಿಯಾಗಿ ಹಿಡಿದು ವಡೆಯ ಪೊಟ್ಟಣ ಕೊಟ್ಟೆ. ಬೆಲ್ಲವನ್ನೂ ಒಂದು ಕೊಟ್ಟೆ.

"ನಮ್ ವೀರಪ್ಪನ ಹೆಸ್ರು ಗೊತ್ತಾಯ್ತೇನಮ್ಮ?"

"ಇಲ್ಲ ಅಜ್ಜಿ. ಇದರಲ್ಲಿ ಅಕ್ಷರ ಇಲ್ಲ."

ನಾಯಿಗೆ ನಿಲ್ಲಿಸಿದ ಕಲ್ಲಿನ ಕಥೆ ಹೇಳಿದೆ. ಅಜ್ಜಿ ಎಣ್ಣೆ ಕೈಯನ್ನು ಹಾಗೇ ಹಿಡಿದುಕೊಂಡು ಪೂರ್ತಿ ಕೇಳಿದರು.

"ಏನಂದೆ ಅದ್ರ ಹೆಸ್ರು?"

"ಕಾಳಿ."

"ಕಾಳಿ" ಅಂದರು. ಆಮೇಲೆ ಬೆಲ್ಲದ ತುಣುಕೊಂದನ್ನು ಮುರಿದು ಕಲ್ಲಿನ ಮುಂದೆ ಇಟ್ಟರು.